ಸೋದರಮಾವನ ತೊಡೆ

ಮಂಚಮ್ಮ ಆ ಪಾಠವನ್ನು ಅರ್ಧ ಮಾತ್ರ ಕೇಳಿಸಿಕೊಂಡಳು. ಉಳಿದರ್ಧ ಹೊತ್ತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದಳು.

ಮಗ ರಾಹುಲ್ ಬನ್ನಿಮಂಟಪದ ಆಚೆಗಿದ್ದ ಚಟ ಬಿಡಿಸುವ ಕೇಂದ್ರಕ್ಕೆ ಸೇರಿ ಮೂರು ತಿಂಗಳಾಗುತ್ತಾ ಬಂದಿತ್ತು. ಮನೆಗೆ ಕಳಿಸುವ ಮುಂಚೆ ಮನೆಯವರೂ ಒಂದು ದಿನ ಬಂದು ಎಚ್‌ಐವಿ ಪಾಠ ಕೇಳಬೇಕೆಂಬುದು ಅಲ್ಲಿನ ನಿಯಮ. ಅದು ಹೇಗೆ ಬರುತ್ತದೆ, ಹೇಗೆ ಬರುವುದಿಲ್ಲ, ಬಾರದಂತೆ ಏನು ಮಾಡಬೇಕು, ಇಷ್ಟೇ ಪಾಠ. ಗಂಡ ಸಣ್ಣಮಾದಯ್ಯ, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತನಾದವನು, "ನಾ ಬರಕಿಲ್ಲ" ಎಂದು ಪೇಪರ್ ಅಡ್ಡ ಹಿಡಿದುಬಿಟ್ಟ. ಬಾಣಂತನಕ್ಕೆ ಬಂದಿದ್ದ ಮಗಳು ಪ್ರೀತಿಗೆ ಎಳೆಗೂಸು. ಹಾಗಾಗಿ ಮಂಚಮ್ಮ ಸರ್ಕಾರಿ ಶಾಲೆಯ ಬಿಸಿಯೂಟದ ಅಡುಗೆ ಮುಗಿಸಿ, ಕೈಯ ಸಾಂಬಾರಿನ ವಾಸನೆಯ ಸಮೇತ ಒಬ್ಬಳೇ ಬಸ್ಸು ಹತ್ತಿದಳು.

ಪಾಠ ಹೇಳುವ ವೇದವತಿ ಮೇಡಂ ಶುರು ಮಾಡಿದ್ದೇನೋ ಚೆನ್ನಾಗಿಯೇ. ಒಬ್ಬರು ಚುಚ್ಚಿಕೊಂಡ ಸೂಜಿಯನ್ನು ಇನ್ನೊಬ್ಬರು ಚುಚ್ಚಿಕೊಂಡರೆ, ಅದರಲ್ಲಿ ಉಳಿದ ರಕ್ತದಿಂದ ಬರುತ್ತದೆ ಎಂದರು. ಮುಂದಿನ ಸಾಲಿನಲ್ಲಿದ್ದ ರಾಹುಲ್ ತಲೆ ತಗ್ಗಿಸಿದ. ಗೂಡ್ಸ್ ಆಟೊ ಓಡಿಸುತ್ತಿದ್ದ ಹುಡುಗ ನೋವಿನ ಮಾತ್ರೆಯ ಚಟಕ್ಕೆ ಬಿದ್ದಿದ್ದು ಮಂಚಮ್ಮನಿಗೆ ಗೊತ್ತಿತ್ತು. ಅದನ್ನು ಕರಗಿಸಿ ಚುಚ್ಚಿಕೊಳ್ಳುತ್ತಿದ್ದ, ಜೊತೆಯವರೊಂದಿಗೆ ಒಂದೇ ಸೂಜಿಯಲ್ಲಿ ಚುಚ್ಚಿಕೊಳ್ಳುತ್ತಿದ್ದ ಅನ್ನುವುದು ಅವಳಿಗೆ ತಿಳಿದದ್ದು ಆ ತಗ್ಗಿದ ತಲೆ ನೋಡಿದಾಗಲೇ.

ಅಷ್ಟರಲ್ಲಿ ಮೇಡಂ ಚೀಲದಿಂದ ಒಂದು ಮರದ ಗೊಂಬೆಯನ್ನೂ ಕಾಂಡೋಮ್ ಪೊಟ್ಟಣವನ್ನೂ ತೆಗೆದು, ಹಾಕುವ ರೀತಿ ತೋರಿಸತೊಡಗಿದರು. ಅದನ್ನು ಗೊಂಬೆ ಎಂದು ನಾವು ಮರ್ಯಾದೆಗೆ ಹೇಳುತ್ತಿದ್ದೇವೆ. ಸುತ್ತ ಗಂಡಸರು, ಎದುರಿಗೇ ಹೆತ್ತ ಮಗ. ಮಂಚಮ್ಮನ ಸೆರಗು ತಾನಾಗಿಯೇ ಮುಖದ ಮೇಲೆ ಬಂತು. ಕಿವಿಯೂ ಅದರೊಂದಿಗೆ ಮುಚ್ಚಿಹೋಯಿತು. ನಡುನಡುವೆ "ತಟ್ಟೆ... ಲೋಟ... ಬಟ್ಟೆ... ಸೊಳ್ಳೆ..." ಎಂದೇನೋ ಕೇಳಿಸಿತು. ಅವೆಲ್ಲ ಬರುವ ದಾರಿಗಳೋ ಬಾರದ ದಾರಿಗಳೋ ತಿಳಿಯಲಿಲ್ಲ. ಸೆರಗು ಸರಿಸಿದಾಗ ಮೇಡಂ, "ಮೊದಲ ಪರೀಕ್ಷೇಲಿ ಇಲ್ಲ ಅಂತ ಬಂದ್ರೂ, ಕೊನೇ ಸಲ ಸೂಜಿ ಹಂಚಿಕೊಂಡು ಮೂರು ತಿಂಗಳಾದ ಮೇಲೆ ಇನ್ನೊಂದ್ಸಲ ನೋಡಿಸಲೇಬೇಕು" ಎನ್ನುತ್ತಿದ್ದರು.

ಹೊರಡುವಾಗ ಬಾಗಿಲಲ್ಲಿ ಮಂಚಮ್ಮ ಮೇಡಂ ಕೈ ಹಿಡಿದಳು. "ನನ್ನ ಮಗನ್ಗೆ ಐತಾ, ಇಲ್ವಾ? ಅದೊಂದು ಏಳ್ಬುಡಿ."

"ರಾಹುಲ್‌ಗೆ ಹೇಳಿದೀವಿ ಅಮ್ಮ. ಅವರೇ ನಿಮಗೆ ಹೇಳ್ಬೇಕು. ನಾವು ಹೇಳೋ ಹಾಗಿಲ್ಲ."

"ಎತ್ತೋಳು ನಾನು ಕಣವ್ವ."

"ಗೊತ್ತಮ್ಮ. ಆದ್ರೂ ಹೇಳೋ ಹಾಗಿಲ್ಲ."

ಆ ವಾರದ ಕೊನೆಗೆ ಮಗನನ್ನು ಕರೆದುಕೊಂಡು ಬರುವಾಗ ಸಿಟಿ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದಳು. "ಏನಂತೆ?"

"ಇಲ್ಲ ಅಂತ ಬಂದಿದೆ ಅವ್ವ. ಆದ್ರೆ ಇನ್ನೊಂದ್ಸಲ ನೋಡಿಸ್ಬೇಕು."

"ಇಲ್ಲ ಅಂದ್ಮೇಲೆ ಇನ್ನೇನ್ ನೋಡಾದು?"

"ಹೊಸದಾಗಿ ಬಂದಿದ್ರೆ ಮೊದಲ್ನೇ ಸಲ ಕಾಣಿಸ್ದೆ ಇರಬೋದಂತೆ."

"ಅಂಗಾದ್ರೆ ಐತೋ?"

"ಗೊತ್ತಿಲ್ಲ ಅವ್ವ."

ಇಲ್ಲ ಅನ್ನುವ ಉತ್ತರವೂ ಇಲ್ಲ, ಇದೆ ಅನ್ನುವ ಉತ್ತರವೂ ಇಲ್ಲ. ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಸಿದ್ಧಾರ್ಥನಗರದ ಸ್ಟಾಪು ಬಂದಾಗ ಮಂಚಮ್ಮ ಮಗನ ಚೀಲ ತಾನೇ ಎತ್ತಿಕೊಂಡು ಇಳಿದಳು.

ಮನೆಯಲ್ಲಿ ಇನ್ನೊಂದು ತಲೆನೋವು ಕಾದಿತ್ತು. ಪ್ರೀತಿಯ ಮಗಳು ಸಂಘಮಿತ್ರಾಗೆ, ಮನೆಯವರ ಬಾಯಲ್ಲಿ ಮಿತ್ರಾಗೆ, ಐದನೆಯ ತಿಂಗಳು ನಡೆಯುತ್ತಿತ್ತು. ಬೆಸ ತಿಂಗಳಲ್ಲೇ ಕಿವಿ ಚುಚ್ಚಿಸಬೇಕೆಂದು ನಂಜನಗೂಡಿನ ಬೀಗ, ಅಂದರೆ ಪ್ರೀತಿಯ ಮಾವ ಜವರಯ್ಯ, ಮುಂದಿನ ವಾರದ ಭಾನುವಾರ ಗೊತ್ತು ಮಾಡಿ ಫೋನ್ ಮಾಡಿದ್ದ. ಸಣ್ಣಮಾದಯ್ಯ ದೇವಸ್ಥಾನ, ಪೂಜೆ ಎಲ್ಲ ಬಿಟ್ಟು ಹಾಲ್‌ನಲ್ಲಿ ಬುದ್ಧನ ಫೋಟೊ ಹಾಕಿ ವರ್ಷಗಳಾಗಿದ್ದವು. ಆದರೂ ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಿಯೇ ಕಿವಿ ಚುಚ್ಚಿಸುವುದನ್ನು ಆ ಮನೆ ಬಿಟ್ಟಿರಲಿಲ್ಲ. ಸೋದರಮಾವ ಅಂದರೆ ರಾಹುಲ್. ಬೀಗರ ಲೆಕ್ಕದಲ್ಲಿ ಅವನು ಹೊಸೂರಿನಲ್ಲಿ ಕೆಲಸಕ್ಕಿದ್ದ. ಆ ಸುಳ್ಳನ್ನು ಹೇಳಿದ್ದವಳು ಮಂಚಮ್ಮನೇ.

ಮಾರನೆಯ ದಿನ ಅವಳು ಒಂದು ಹಸಿರು ಬಕೆಟ್ ಕೊಂಡು ತಂದಳು. ಮನೆಯವರ ಬಟ್ಟೆಯೆಲ್ಲ ಹಳೆಯ ಕೆಂಪು ಬಕೆಟ್ಟಿನಲ್ಲಿ ನೆನೆಯುತ್ತಿದ್ದವು. ರಾಹುಲನವು ಮಾತ್ರ ಹಸಿರು ಬಕೆಟ್ಟಿಗೆ ಹೋದವು. ಅವನ ಟವೆಲ್ ಹಿತ್ತಲಿನ ಬೇರೆ ತಂತಿಗೆ ಹೋಯಿತು. ಅದರ ಮರುದಿನ ಬೆಳಿಗ್ಗೆ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಕಾಫಿ ಬಂದರೆ, ಅವನ ಮುಂದೆ ಗಾಜಿನ ಲೋಟ ಕೂತಿತು.

ಸಣ್ಣಮಾದಯ್ಯ ಮಗನ ಜೊತೆ ಮಾತು ಬಿಟ್ಟು ತಿಂಗಳುಗಳಾಗಿದ್ದವು. ಲೋಟ ನೋಡಿ ಪೇಪರ್ ಮಡಚಿಟ್ಟ.

"ಇದ್ಯಾಕೆ ಇವನ್ಗೆ ಗಾಜಿನ್ ಲೋಟ?"

"ಸ್ಟೀಲಿಂದು ತೊಳ್ದಿಲ್ಲ."

"ಅಲ್ಲಿ ಬೋರಲಾಕಿರೋವು ಏನು?"

ಮಂಚಮ್ಮ ಒಲೆಯ ಕಡೆ ತಿರುಗಿದಳು. "ಮನೇಲಿ ಎಳೆಗೂಸು ಐತೆ. ನಿಮಗೇನ್ ಗೊತ್ತು? ಪಾಠಕ್ಕೆ ಬಂದಿದ್ರಾ ನೀವು?"

"ನಮ್ಮಪ್ಪ ಊರ ಹೋಟ್ಲಲ್ಲಿ ಹಿಂದ್ಗಡೆ ಗೋಡೆ ಮ್ಯಾಲೆ ನಮ್ಮೋರ್ಗೆ ಅಂತ್ಲೇ ಇಟ್ಟಿದ್ದ ತೆಂಗಿನ ಚಿಪ್ಪಲ್ಲಿ ಟೀ ಕುಡೀತಿದ್ದ. ತಾನೇ ತೊಳ್ದು ತಾನೇ ಬೋರಲಾಕಿ ಬರ್ತಿದ್ದ. ಅದ ನೋಡಕಾಗ್ದೆ ನಾನು ಊರ್ ಬುಟ್ಟೆ. ಈಗ ನನ್ ಮನೇಲೇ ಸುರು ಮಾಡ್ಕಂಡಾ?"

ಅವನು ಗಾಜಿನ ಲೋಟ ತಾನೆತ್ತಿಕೊಂಡು, ತನ್ನ ಸ್ಟೀಲ್ ಲೋಟವನ್ನು ಮಗನ ಮುಂದೆ ತಳ್ಳಿದ. "ನಿನ್ ಮ್ಯಾಲೆ ಮಮತೆ ಉಕ್ಕಿ ಅಲ್ಲ ಕಣೋ. ನಿನ್ ಮುಖ ನೋಡಿದ್ರೆ ಈಗ್ಲೂ ಉರೀತದೆ. ಕುಡಿ."

ರಾಹುಲ್ ಕುಡಿದ. ಮಂಚಮ್ಮನಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಮಾವನ ಚಿಪ್ಪಿನ ಕತೆ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಚಿಪ್ಪು ಬೇರೆ, ಕಾಯಿಲೆ ಬೇರೆ ಅಲ್ಲವೆ? ಅಥವಾ ಎರಡೂ ಒಂದೆಯೋ? ಅಂದಿನಿಂದ ಲೋಟ ಬದಲಾಯಿತು, ಟವೆಲ್ ಕೂಡ ಹಿಂದಿನ ತಂತಿಗೆ ಬಂತು. ಹಸಿರು ಬಕೆಟ್ ಮಾತ್ರ ಹಿತ್ತಲಿನ ಮೂಲೆಯಲ್ಲಿ ಉಳಿಯಿತು. ರಾಹುಲ್ ಅದರ ಬಗ್ಗೆ ಒಂದು ಮಾತೂ ಆಡದೆ ತನ್ನ ಬಟ್ಟೆ ತಾನೇ ಒಗೆದುಕೊಳ್ಳತೊಡಗಿದ.

ಪ್ರೀತಿಯ ಕಣ್ಣಿಗೆ ಬಕೆಟ್ ಬಿತ್ತು. "ಬಟ್ಟೆಯಿಂದೆಲ್ಲ ಬರಲ್ಲ ಕಣವ್ವ. ಫೋನಲ್ಲಿ ನೋಡು, ಡಾಕ್ಟ್ರೇ ಹೇಳಿದಾರೆ."

"ಫೋನಲ್ಲಿ ನಾಳೀಕೆ ಪ್ರಳಯ ಅಂತಾನೂ ಆಕಿರ್ತಾರೆ. ನೀನು ಭಾಳ ತಿಳ್ದೋಳು. ನೆನ್ನೆ ಅವನು ಮಗಿನ ಎತ್ಕಂಡ ತಕ್ಷಣ ಹಾಲು ಕುಡಿಸ್ಬೇಕು ಅಂತ ಯಾಕೆ ಕಿತ್ಕಂಡೆ?"

"ಹಸಿವಾಗಿತ್ತು ಅದಕ್ಕೆ."

"ಆಗ ತಾನೆ ಕುಡಿಸಿದ್ದೆ."

ಪ್ರೀತಿ ಡಿಗ್ರಿ ಓದಿದ ಹುಡುಗಿ. ಗೊತ್ತಿರುವುದು ತಲೆಗೆ, ಮಗುವನ್ನು ಕಿತ್ತುಕೊಂಡಿದ್ದು ಕೈ. ಅವೆರಡಕ್ಕೂ ಆ ಮನೆಯಲ್ಲಿ ಆಗ ಮಾತುಕತೆ ಇರಲಿಲ್ಲ.

ಒಂದು ಸಂಜೆ ಮಂಚಮ್ಮ ಮುದ್ದೆ ತಿರುವುತ್ತಿದ್ದಾಗ ರಾಹುಲ್ ಅಡುಗೆಮನೆಯ ಬಾಗಿಲಿಗೆ ಬಂದ.

"ಅವ್ವ, ಆವತ್ತು ನೀನು ಪಾಠ ಪೂರ್ತಿ ಕೇಳ್ಲಿಲ್ಲ. ನಾನು ನೋಡ್ತಿದ್ದೆ. ನಾನೇ ಹೇಳ್ಕೊಡ್ತೀನಿ, ಕೂತ್ಕೊ."

"ಮುದ್ದೆ ಗಂಟಾಯ್ತದೆ, ಓಗು."

"ನೀನು ಆ ಕಡೆನೇ ನೋಡ್ತಿರು. ನಾನೂ ಈ ಕಡೆ ತಿರುಗ್ಕೋತೀನಿ."

ಹಾಗೇ ನಡೆಯಿತು ಪಾಠ. ತಾಯಿ ಒಲೆಗೆ ಮುಖ ಮಾಡಿ, ಮಗ ಹಾಲ್‌ಗೆ ಮುಖ ಮಾಡಿ, ಬೆನ್ನಿಗೆ ಬೆನ್ನು. ಜೊತೆಗೆ ಉಂಡರೆ ಬರಲ್ಲ, ಲೋಟದಿಂದ ಬರಲ್ಲ, ಬಟ್ಟೆಯಿಂದ ಬರಲ್ಲ, ಸೊಳ್ಳೆ ಕಚ್ಚಿದರೆ ಬರಲ್ಲ, ಮುಟ್ಟಿದರೆ ಬರಲ್ಲ ಎಂದ. ಸೂಜಿಯಿಂದ ಬರುತ್ತೆ, ರಕ್ತದಿಂದ ಬರುತ್ತೆ, ಕಾಯಿಲೆ ಇರುವ ತಾಯಿ ಔಷಧಿ ತಗೊಳ್ಳದಿದ್ದರೆ ಮಗುವಿಗೆ ಬರಬಹುದು ಎಂದ. ಆಮೇಲೆ "ಇನ್ನೊಂದು..." ಎಂದು ನಿಲ್ಲಿಸಿದ. "ಗೊತ್ತಾಯ್ತು ಬುಡು" ಎಂದು ಮಂಚಮ್ಮ ಕೋಲನ್ನು ಜೋರಾಗಿ ತಿರುವಿದಳು.

ಒಲೆ ಸಣ್ಣ ಮಾಡಿ ಕೇಳಿದಳು. "ಮಗಿನ ಎತ್ಕಂಡ್ರೆ?"

"ಬರಲ್ಲ ಅವ್ವ. ನಂಗೆ ಇದ್ರೂ ಬರಲ್ಲ."

"ಕಿವಿ ಚುಚ್ಚುವಾಗ ರಕ್ತ ಬಂದ್ರೆ?"

"ಅದು ಮಿತ್ರಾ ರಕ್ತ, ನಂದಲ್ಲ. ನಾನು ಬರೀ ಕೂರಿಸ್ಕೊಂಡಿರ್ತೀನಿ."

ಕೇಳುವಾಗ ಎಲ್ಲ ಸರಿಯಾಗಿಯೇ ಇತ್ತು. ಉಂಡು ಮಲಗಿ ಎದ್ದರೆ ಮತ್ತೆ ಎಲ್ಲ ಕಲಸುಮೇಲೋಗರ. ಬರದಿದ್ದರೆ ಇಷ್ಟು ದೊಡ್ಡ ಪಾಠ ಯಾಕೆ? ಇಲ್ಲದಿದ್ದರೆ ಎರಡನೇ ಪರೀಕ್ಷೆ ಯಾಕೆ? ಆ ಪರೀಕ್ಷೆಯೋ ಕಿವಿ ಚುಚ್ಚುವ ಭಾನುವಾರ ಕಳೆದು ಮರುದಿನ ಸೋಮವಾರಕ್ಕಿತ್ತು. ಬೀಗರಿಗೆ ದಿನ ಮುಂದೂಡಲು ಹೇಳುವಂತಿಲ್ಲ, ಕಾರಣ ಕೇಳುತ್ತಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಮಂಚಮ್ಮ ಒಂದು ಉಪಾಯ ಹುಡುಕಿದಳು. ಸಣ್ಣಮಾದಯ್ಯನ ಅಣ್ಣನ ಮಗ ಮೂಗಯ್ಯ ಪ್ರೀತಿಗೆ ಅಣ್ಣನೇ ಆಗಬೇಕು. ಅವನ ತೊಡೆಯೂ ಸೋದರಮಾವನ ತೊಡೆಯೇ.

"ಮೂಗಯ್ಯ ದೊಡ್ಡೋನು, ಅವನೇ ಕುಂತ್ಕಳ್ಳಿ" ಎಂದು ಊಟದ ಹೊತ್ತಿಗೆ ಯಾರನ್ನೂ ನೋಡದೆ ಹೇಳಿದಳು.

ಸಣ್ಣಮಾದಯ್ಯ ತುತ್ತು ನಿಲ್ಲಿಸಿದ. ಪ್ರೀತಿ ಮಗುವಿನ ಕುಲಾವಿ ಸರಿಮಾಡಿದಳು.

"ಸರಿ ಅವ್ವ" ಎಂದ ರಾಹುಲ್. ಇನ್ನೊಂದು ಮುದ್ದೆ ಬೇಡವೆಂದು ಕೈ ತೊಳೆದುಕೊಂಡ. ಅವನು ಜಗಳವಾಡಿದ್ದರೆ ಮಂಚಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು.

ತಾನೊಂದು ಬಗೆದರೆ ದೈವವೊಂದು ಬಗೆಯಿತು ಅನ್ನುತ್ತಾರೆ. ಇಲ್ಲಿ ದೈವ ಜವರಯ್ಯನ ರೂಪದಲ್ಲಿ ಬಂತು. ಭಾನುವಾರ ಬೆಳಿಗ್ಗೆ ಬಿಳಿ ಪಂಚೆ, ಬಿಳಿ ಶರ್ಟು, ಹೆಂಡತಿ, ಮಗ, ಮಗಳು, ಮಗಳ ಮಗಳು ಸಮೇತ ಬಂದಿಳಿದ. ಮಗಳ ಮಗಳಿಗೆ ಮೂರು ವರ್ಷ, ಅವಳ ಕಿವಿಯೂ ಇದೇ ಖರ್ಚಿನಲ್ಲಿ ಆಗಲಿ ಅಂತ. ಮಾರ್ಕೆಟ್ಟಿನ ಕಡೆಯ ಮುದುಕ ಆಚಾರಿ ಚಾಪೆಯ ಮೇಲೆ ಸೂಜಿ, ಕಿವಿಗೆ ಹಾಕುವ ಚಿನ್ನದ ಮುರು, ಕೊಬ್ಬರಿ ಎಣ್ಣೆಯ ಬಟ್ಟಲು ಇಟ್ಟುಕೊಂಡು ಕೂತ. ಮೂಗಯ್ಯ ಪಂಚೆ ಸರಿಮಾಡಿಕೊಂಡು ಮಣೆಯ ಕಡೆ ನಡೆದ.

"ಇದೇನ್ ಬೀಗ್ರೆ?" ಎಂದ ಜವರಯ್ಯ. "ಒಡಹುಟ್ಟಿದ ತಮ್ಮ ಹೊಸೂರಿಂದ ಬಂದು ಎದುರ್ಗೇ ನಿಂತವ್ನೆ, ದಾಯಾದಿ ತೊಡೆ ಯಾಕೆ? ಬಾರಪ್ಪ ರಾಹುಲ, ಕೂತ್ಕೊ." ಅಂದವನೇ ಕೈ ಹಿಡಿದು ಎಳೆದು ಕೂರಿಸಿಯೇಬಿಟ್ಟ. ಪ್ರೀತಿ ಮಗುವನ್ನು ಎದೆಗೊತ್ತಿಕೊಂಡು ಅವ್ವನ ಮುಖ ನೋಡಿದಳು. ಅವ್ವ ನೆಲ ನೋಡಿದಳು. ಇನ್ನು ಕೊಡದಿದ್ದರೆ ಆಗದು ಎಂದು ಪ್ರೀತಿ ಮಗುವನ್ನು ತಮ್ಮನ ತೊಡೆಗೆ ಕೊಟ್ಟಳು.

ಮೊದಲು ದೊಡ್ಡ ಹುಡುಗಿಯ ಸರದಿ. ಅವಳ ಸೋದರಮಾವ, ಅಂದರೆ ಪ್ರೀತಿಯ ಗಂಡ, ತೊಡೆಯ ಮೇಲೆ ಅಮುಕಿ ಹಿಡಿದುಕೊಂಡ. ಹುಡುಗಿ ಬೀದಿಗೆಲ್ಲ ಕೇಳುವ ಹಾಗೆ ಕಿರುಚಿತು. ಎರಡು ಕಿವಿಗೂ ಒಂದೊಂದು ಹನಿ ರಕ್ತ, ಮುರು ಏರಿತು, ಬಾಯಿಗೆ ಬೆಲ್ಲ ಬಿತ್ತು. ಆಚಾರಿ ಅದೇ ಸೂಜಿಯನ್ನು ಹೆಗಲ ಬಟ್ಟೆಗೆ ಒರೆಸಿ, ಎಣ್ಣೆಗೆ ಅದ್ದಿ, ಮಿತ್ರಾಳ ಕಡೆ ಬಾಗಿದ.

"ಆಚಾರ್ರೇ, ಆ ಸೂಜಿ ಬೇಡಿ" ಎಂದ ರಾಹುಲ್.

"ಯಾಕಪ್ಪ?"

"ಒಬ್ರಿಗೆ ಚುಚ್ಚಿದ್ದು ಇನ್ನೊಬ್ರಿಗೆ ಬೇಡಿ. ಹೊಸದು ತೆಗೀರಿ."

ಜವರಯ್ಯನ ಕುತ್ತಿಗೆಯ ನರ ಎದ್ದಿತು. "ಏನಂದೆ? ನನ್ ಮೊಮ್ಮಗಳಿಗೆ ಚುಚ್ಚಿದ ಸೂಜಿ ನಿಮ್ಮನೆ ಕೂಸಿಗೆ ಮೈಲಿಗೆಯಾ? ನಮ್ ಹುಡುಗಿಗೇನ್ ರೋಗ ಬಂದದೆ? ಹೇಳಪ್ಪ!"

"ಹಂಗಲ್ಲ ಮಾವ..."

"ಇನ್ನೆಂಗೆ? ಎಲ್ ಕಲ್ತೆ ಇದನ್ನ?"

ಎಲ್ಲಿ ಕಲಿತದ್ದೆಂದು ರಾಹುಲ್ ಹೇಳಿದರೆ ಅವ್ವ ಕಟ್ಟಿದ ಹೊಸೂರು ಅಲ್ಲೇ ಕುಸಿಯುತ್ತಿತ್ತು. ಅವನು ಮಂಚಮ್ಮನ ಕಡೆ ನೋಡಿದ.

ಮಂಚಮ್ಮನಿಗೆ ಮಾತು ನಾಲಗೆಯ ತುದಿಗೇ ಬಂದಿತ್ತು. "ಅವನಿಗೇನು ಗೊತ್ತು, ನೀವು ಚುಚ್ಚಿ ಆಚಾರ್ರೇ." ಅಷ್ಟಂದಿದ್ದರೆ ಎಲ್ಲ ಮುಗಿಯುತ್ತಿತ್ತು. ಬೀಗರ ಮರ್ಯಾದೆ ಉಳಿಯುತ್ತಿತ್ತು, ಮನೆಯ ಮಾನವೂ. ಅಷ್ಟರಲ್ಲಿ ಮಗನ ಕೈ ಅವಳ ಕಣ್ಣಿಗೆ ಬಿತ್ತು. ಸೂಜಿ ಮುಟ್ಟದ ಹಾಗೆ ಅವನು ಮಿತ್ರಾಳ ಕಿವಿಯನ್ನು ಅಂಗೈಯಿಂದ ಮುಚ್ಚಿ ಹಿಡಿದಿದ್ದ. ತಾನು ಬಕೆಟ್ ಬೇರೆ ಮಾಡಿದ್ದು ಈ ಮಗುವಿಗಾಗಿ ಎಂದುಕೊಂಡಿದ್ದಳು. ಮಗುವನ್ನು ಕಾಯುತ್ತಿದ್ದವನು ಇವನು.

"ಬೀಗ್ರೆ, ತೆಪ್ಪು ತಿಳ್ಕಬ್ಯಾಡಿ" ಎಂದಳು. "ಅವನು ಹೊಸೂರ್ಗೆ ಓಗಿರ್ಲಿಲ್ಲ. ಮಾತ್ರೆ ಚಟ ಅತ್ತಿತ್ತು. ಸೂಜಿ ಚುಚ್ಕತಿದ್ದ. ಬುಡಿಸೋ ಕಡೆ ಸೇರ್ಸಿದ್ದೊ. ಅಲ್ಲೇಳ್ಕೊಟ್ಟವ್ರೆ ಇದ್ನ, ಒಬ್ರು ಸೂಜಿ ಇನ್ನೊಬ್ರಿಗೆ ಬ್ಯಾಡ ಅಂತ, ಎಚ್‌ಐವಿ ಬರ್ತದಂತೆ. ನಿಮ್ ಮೊಮ್ಮಗಳನ್ನ ಅಂದಿದ್ದಲ್ಲ. ಯಾರ್ದಾದ್ರೂ ಅಂಗೇಯ."

"ಎಚ್‌ಐವಿನಾ!" ಜವರಯ್ಯನ ಹೆಂಡತಿ ಎದ್ದೇಬಿಟ್ಟಳು. "ಇವನ್ಗೆ ಐತಾ? ಅಯ್ಯೋ, ಮಗಿನ ಕೊಡಿ ಇತ್ಲಾಗೆ!"

"ಇಲ್ಲ ಅಂತ ಬಂದದೆ. ಇನ್ನೊಂದ್ಸಲ ನೋಡ್ಬೇಕಂತೆ. ನಂಗೂ ಪೂರ್ತಿ ತಿಳ್ದಿಲ್ಲ ಕಣ್ರೀ, ಸುಳ್ಯಾಕೆ ಏಳ್ಲಿ. ಆದ್ರೆ ತೊಡೆಯಿಂದ ಬರಕಿಲ್ಲ. ಸೂಜಿಯಿಂದ ಬರ್ತದೆ. ಅಷ್ಟು ಗೊತ್ತು."

ಬೀಗಿತ್ತಿ ಆಗಲೇ ಮಗುವಿಗೆ ಕೈ ಚಾಚಿದ್ದಳು. ಪ್ರೀತಿ ನಡುವೆ ಬಂದು ನಿಂತಳು. "ಬೇಡಿ ಅತ್ತೆ. ಅಲ್ಲೇ ಇರ್ಲಿ."

"ಬೀಗ್ರೆ, ಇಷ್ಟು ದಿನ ಮುಚ್ಚಿಟ್ರಲ್ಲ" ಎಂದ ಜವರಯ್ಯ ಸಣ್ಣಮಾದಯ್ಯನಿಗೆ. ಸಣ್ಣಮಾದಯ್ಯ, "ಮುಚ್ಚಿಟ್ಟೊ, ತೆಪ್ಪಾಯ್ತು" ಎಂದ. ಆಮೇಲೆ ಆಚಾರಿಯ ಕಡೆ ತಿರುಗಿ ಕೇಳಿದ. "ಬ್ಯಾರೆ ಸೂಜಿ ಐತಾ ಆಚಾರ್ರೇ?"

"ಇದೆ" ಎಂದ ಆಚಾರಿ, ಡಬ್ಬಿಯಿಂದ ಕಾಗದ ಸುತ್ತಿದ ಹೊಸ ಸೂಜಿ ತೆಗೆಯುತ್ತ. "ಕೇಳಿದ್ರೆ ಕೊಡ್ತಿದ್ದೆ. ಇದಕ್ಕೆ ಇಷ್ಟು ರಾಮಾಯಣ ಯಾಕೆ?"

ಯಾರೂ ನಗಲಿಲ್ಲ. ಜವರಯ್ಯ ಎದ್ದು ಹೊರಗಿನ ಜಗಲಿಗೆ ಹೋಗಿ ನಿಂತ. ಅಲ್ಲಿಂದ ಮುಂದೆ ಹೋಗಲಿಲ್ಲ.

ಹೊಸ ಸೂಜಿಯ ತುದಿ ಬೆಳಕಿಗೆ ಮಿಂಚಿದಾಗ ರಾಹುಲನ ಹಣೆಯಲ್ಲಿ ಬೆವರೊಡೆಯಿತು. ಅವನು ಸೂಜಿ ಹಿಡಿದು ತಿಂಗಳುಗಳಾಗಿದ್ದವು. ಅದು ಭಯವೋ ಆಸೆಯೋ ಮಂಚಮ್ಮನಿಗೆ ತಿಳಿಯಲಿಲ್ಲ. ಅವನಿಗೂ ತಿಳಿದಿರಲಾರದು. ಅವಳು ಹಿಂದಿನಿಂದ ಹೋಗಿ ಮಗನ ಕಣ್ಣನ್ನು ತನ್ನ ಅಂಗೈಯಿಂದ ಮುಚ್ಚಿದಳು. ಚಿಕ್ಕವನಿದ್ದಾಗ ಅವನ ಕಿವಿ ಚುಚ್ಚಿದ ದಿನವೂ ಹೀಗೇ ಮುಚ್ಚಿದ್ದಳು. ಮಿತ್ರಾ ಕಿರುಚಿದಳು. ಅಂಗೈ ಒದ್ದೆಯಾಗಿದ್ದು ಬೆವರಿಗೋ ಕಣ್ಣೀರಿಗೋ, ಅವಳು ತೆಗೆದು ನೋಡಲಿಲ್ಲ.

ಊಟಕ್ಕೆ ಕೂತರು. ಜವರಯ್ಯ ಪಾಯಸ ಎರಡನೇ ಸಲ ಬೇಡವೆಂದ. ಹೊರಡುವಾಗ ಜವರಯ್ಯ ಚಪ್ಪಲಿ ಮೆಟ್ಟುತ್ತ, "ಆ ಇನ್ನೊಂದು ಪರೀಕ್ಷೆ ಆದ್ಮೇಲೆ ಫೋನ್ ಮಾಡಿ" ಎಂದ. ಅದು ಕೋಪವೋ ಕಾಳಜಿಯೋ ಎಂದು ಮಂಚಮ್ಮ, ಸಣ್ಣಮಾದಯ್ಯ ಇಬ್ಬರೂ ಗೇಟಿನ ಹತ್ತಿರ ನಿಂತು ಚರ್ಚೆ ಮಾಡಿದರು, ಬಗೆಹರಿಯಲಿಲ್ಲ.

ಸಂಜೆ ಹಿತ್ತಲಿನಲ್ಲಿ ಮಂಚಮ್ಮ ಬಟ್ಟೆ ನೆನೆಹಾಕುತ್ತಿದ್ದಾಗ ರಾಹುಲ್ ಹೊಸ ಪಂಚೆ ಹಿಡಿದುಕೊಂಡು ಬಂದ. ಕಿವಿ ಚುಚ್ಚಿದ ಗಳಿಗೆಯಲ್ಲಿ ಮಿತ್ರಾ ಅದನ್ನು ಚೆನ್ನಾಗಿಯೇ ಒದ್ದೆ ಮಾಡಿದ್ದಳು.

"ಕೊಡಿಲ್ಲಿ."

"ನಾನೇ ಒಗ್ಕೋತೀನಿ ಅವ್ವ. ಹಸಿರು ಬಕೆಟ್ ಎಲ್ಲಿ?"

ಆ ಬಕೆಟ್ಟಿನ ಹೆಸರು ಅವರಿಬ್ಬರ ನಡುವೆ ಬಂದದ್ದು ಅದೇ ಮೊದಲು. ಮಂಚಮ್ಮ ಪಂಚೆಯನ್ನು ಅವನ ಕೈಯಿಂದ ಕಿತ್ತುಕೊಂಡು, ಗಂಡನ ಶರ್ಟು, ತನ್ನ ಸೀರೆ, ಮಗುವಿನ ಲಂಗೋಟಿಗಳಿದ್ದ ಕೆಂಪು ಬಕೆಟ್ಟಿನೊಳಗೆ ಹಾಕಿ, ನೊರೆಯಲ್ಲಿ ಮುಳುಗುವ ತನಕ ಅದುಮಿದಳು. ಕೈ ಒಂದಿಷ್ಟು ಅಳುಕಿತು. ಆದರೂ ಅದುಮಿದಳು.

"ನಾಳೆ ಆಸ್ಪತ್ರೆಗೆ ನಾನೂ ಬತ್ತೀನಿ" ಎಂದಳು.

"ಬೇಡ ಅವ್ವ. ಅಲ್ಲೂ ಮೊದಲು ಕೂರಿಸ್ಕೊಂಡು ಅದೇ ಪಾಠ ಹೇಳ್ತಾರೆ. ಆ ಮರದ್ದು ತೋರಿಸ್ತಾರೆ."

"ತೋರಿಸ್ಲಿ ಬುಡು" ಎಂದಳು ಮಂಚಮ್ಮ, ಒದ್ದೆ ಕೈಯಿಂದ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಳ್ಳುತ್ತ. "ಈ ಸಲ ಮುಖ ಮುಚ್ಕಳಕಿಲ್ಲ."